ಎಡಗಡೆಯಿಂದ ಬಂದ ಚೆಂಡು

ಅವರು ನಮ್ಮ ಹಿತ್ತಲ ಮನೆಗೆ ಬಂದಾಗ ತಂದದ್ದು ಎರಡೇ ಸೂಟ್‌ಕೇಸ್. ಒಂದರಲ್ಲಿ ಬಟ್ಟೆ, ಇನ್ನೊಂದರಲ್ಲಿ ಬರೀ ಗ್ಲೌಸ್. ಮೊದಲ ದಿನವೇ ಆ ಗ್ಲೌಸ್‌ಗಳನ್ನೆಲ್ಲ ನಲ್ಲಿಯ ಕೆಳಗೆ ಒದ್ದೆ ಮಾಡಿ, ನೆರಳಿನಲ್ಲಿ ಹಗ್ಗ ಕಟ್ಟಿ ಸಾಲಾಗಿ ನೇತುಹಾಕಿದರು. ಇಷ್ಟು ಒಳ್ಳೆಯ ಬಿಸಿಲು ಬಿಟ್ಟು ನೆರಳಲ್ಲಿ ಯಾಕೆ ಒಣಗಿಸುತ್ತಾರೋ ಎಂದುಕೊಂಡು ನಾನು ಹಗ್ಗವನ್ನು ಬಿಸಿಲಿಗೆ ಸರಿಸಲು ಹೋದೆ. ಅವರು ಓಡಿ ಬಂದು ಎರಡೂ ಕೈ ಅಡ್ಡ ಹಿಡಿದರು. ಬಿಸಿಲಿಗೆ ಅಂಗೈಯ ರಬ್ಬರು ಬಿರುಕು ಬಿಡುತ್ತದಂತೆ. ಅವರನ್ನು ಗೋಲ್‌ಕೀಪರ್ ಆಗಿ ನಾನು ಮೊದಲು ನೋಡಿದ್ದು ಹಾಗೆ, ಬಟ್ಟೆ ಒಣಗಿಸುವ ಹಗ್ಗದ ಮುಂದೆ.

ಅದು 2020ರ ಮಾರ್ಚ್. ಲಾಸ್ ಏಂಜಲಿಸ್ ಅಂಚಿನ ಚಾಟ್ಸ್‌ವರ್ತ್‌ನ ನಮ್ಮ ಮನೆಯ ಹಿಂದೆ, ಅಂಗಳದ ಮೂಲೆಯಲ್ಲಿ ಒಂದು ಕೋಣೆ, ಬಾತ್‌ರೂಮ್, ಸಣ್ಣ ಅಡುಗೆ ಕಟ್ಟೆ ಕಟ್ಟಿಸಿ ಬಾಡಿಗೆಗೆ ಕೊಡುತ್ತಿದ್ದೆವು. ಅವರ ಏಜೆಂಟ್ ಫೋನ್ ಮಾಡಿ, ಸ್ಯಾನ್ ಡಿಯೇಗೊದ ಒಂದು ಕ್ಲಬ್ಬಿಗೆ ಟ್ರಯಲ್ ಕೊಡಲು ಜರ್ಮನಿಯಿಂದ ಬಂದಿದ್ದಾರೆ, ಅಲ್ಲಿಯವರೆಗೆ ಲಾಸ್ ಏಂಜಲಿಸ್‌ನಲ್ಲಿ ಸದ್ದಿಲ್ಲದ ಜಾಗ ಬೇಕು, ಮೂರು ವಾರ ಸಾಕು ಎಂದಿದ್ದ. ವಾರದೊಳಗೆ ಊರೆಲ್ಲ ಮುಚ್ಚಿತು. ಟ್ರಯಲ್ ಮುಂದಕ್ಕೆ ಹೋಯಿತು. ಮೂರು ವಾರ ಏಳು ತಿಂಗಳಾಯಿತು.

ಅವರ ಹೆಸರು ಬರೆಯುವುದಿಲ್ಲ. ಇದನ್ನೆಲ್ಲ ಬರೆಯಲಾ ಎಂದು ಕೇಳಿದಾಗ ಅವರು ಹೇಳಿದ್ದು ಇಷ್ಟೇ: "ಬರೆಯಿರಿ. ಹೆಸರು ಬೇಡ. ನಾನು ಹಿಡಿದ ಚೆಂಡುಗಳ ವಿಷಯವೂ ಸ್ವಲ್ಪ ಇರಲಿ."

ಹಿಡಿದ ಚೆಂಡುಗಳ ವಿಷಯ ನನಗೆ ಗೊತ್ತಾದದ್ದು ನಮ್ಮ ಮನೆಯವರಿಂದ. ಇವರು ಲಾಂಗ್ ಬೀಚ್ ಬಂದರಿನ ಒಂದು ಸರಕು ಕಂಪನಿಯಲ್ಲಿ ಕೆಲಸ ಮಾಡುವವರು. ಓದುವ ಕಾಲದಲ್ಲಿ ಮಂಗಳೂರಿನ ಕಾಲೇಜು ಟೀಮಿಗೆ ಗೋಲ್‌ಕೀಪರ್ ಆಗಿದ್ದವರು. ಹಿತ್ತಲಿಗೆ ಕಸದ ಡಬ್ಬಿ ಇಡಲು ಹೋದವರು ಡಬ್ಬಿ ಅಲ್ಲೇ ಬಿಟ್ಟು ಅಡುಗೆಮನೆಗೆ ಓಡಿ ಬಂದರು.

"ಏ ಮಾರಾಯ್ತಿ, ಹಿಂದಿನ ರೂಮಿಗೆ ಬಂದದ್ದು ಯಾರು ಗೊತ್ತುಂಟಾ?"

"ಬಾಡಿಗೆಯವರು. ಮಾಸ್ಕ್ ಹಾಕ್ಕೊಂಡು ಹೋಗಿ ಅಂತ ಎಷ್ಟು ಸಲ ಹೇಳಬೇಕು?"

"ಎಂತ ಬಾಡಿಗೆಯವರು! ಜರ್ಮನಿಯ ಗೋಲಿನಲ್ಲಿ ನಿಂತವ ಅವ. ಅವನ ಎದುರು ಪೆನಾಲ್ಟಿ ಒದೆಯುವಾಗ ದೊಡ್ಡ ದೊಡ್ಡವರ ಕಾಲು ನಡುಗ್ತದೆ. ನಮ್ಮ ಹಿತ್ತಲಲ್ಲಿ ಟವೆಲ್ ಮಡಚ್ತಾ ಇದ್ದಾನೆ!"

ಆಮೇಲೆ ಒಂದು ವಾರ ಊಟಕ್ಕೆ ಕೂತಾಗಲೆಲ್ಲ ಅದೇ ಕಥೆ. ಹತ್ತೊಂಬತ್ತು ವರ್ಷಕ್ಕೇ ದೊಡ್ಡ ಕ್ಲಬ್ಬಿನ ಗೋಲಿಗೆ ಬಂದದ್ದು. ಮೊದಲ ಪಂದ್ಯದಲ್ಲೇ ತನಗಿಂತ ಹತ್ತು ವರ್ಷ ಹಿರಿಯ ಡಿಫೆಂಡರನ್ನು ಮೈದಾನದ ನಡುವೆ ಬೈದದ್ದು. ಬೆರಳು ಮುರಿದಾಗ ಪಕ್ಕದ ಬೆರಳಿಗೆ ಸೇರಿಸಿ ಟೇಪ್ ಸುತ್ತಿ, ಯಾರಿಗೂ ಹೇಳದೆ ಆಡಿದ್ದು. ಟೀಮು ಸೋತಾಗ ಬೇರೆಯವರ ತಪ್ಪು ಒಂದನ್ನೂ ಪತ್ರಿಕೆಯವರ ಮುಂದೆ ಹೇಳದೆ, ನಾನು ಹಿಡಿಯಬೇಕಿತ್ತು, ಹಿಡಿಯಲಿಲ್ಲ ಎಂದು ಎದ್ದು ಹೋಗುತ್ತಿದ್ದದ್ದು.

"ಪೆನಾಲ್ಟಿಯಲ್ಲಿ ಇವನನ್ನು ಸೋಲಿಸ್ಲಿಕ್ಕೆ ಒಂದೇ ಜಾತಿಯವರಿಗೆ ಆಗುವುದು," ಎಂದರು ಇವರು, ಸಾರನ್ನದ ಕೈಯನ್ನೇ ಮೇಲೆತ್ತಿ. "ಓಡಿಕೊಂಡು ಬಂದು, ಒದೆಯುವ ಮೊದಲು ಒಂದು ಕ್ಷಣ ನಿಲ್ತಾರಲ್ಲ, ಅವರಿಗೆ. ಅವರು ನಿಲ್ಲುವಷ್ಟರಲ್ಲಿ ಇವ ಒಂದು ಕಡೆಗೆ ಹಾರಿ ಆಗಿರ್ತದೆ. ಮತ್ತೆ ಗಾಳಿಯಲ್ಲಿ ಇದ್ದವ ಎಂತ ಮಾಡುವುದು?"

ಕಥೆಯ ಕೊನೆಯ ಭಾಗ ಬಂದಾಗ ಇವರ ದನಿ ತಗ್ಗುತ್ತಿತ್ತು. ಹಿಂದಿನ ಎರಡು ವರ್ಷ ಅವರಿಗೆ ಚೆನ್ನಾಗಿರಲಿಲ್ಲ. ಸುಲಭದ ಚೆಂಡುಗಳು ಕೈತಪ್ಪಿದವು. ಕೊನೆಯ ಪಂದ್ಯದಲ್ಲಿ ಎಡಗಡೆಯ ಮೂಲೆಯಿಂದ ಮೆಲ್ಲಗೆ ತೇಲಿ ಬಂದ ಒಂದು ಚೆಂಡು ಅವರ ಎತ್ತಿದ ಎರಡು ಕೈಗಳ ಪಕ್ಕದಲ್ಲೇ ಇಳಿದು ಗೋಲಿನೊಳಗೆ ಹೋಯಿತು. ಸ್ಟೇಡಿಯಮ್ಮಿನವರು ಬೈಯಲಿಲ್ಲ, ನಕ್ಕರು. ಅವರದೇ ಊರಿನ ಜನ. ಮುಂದಿನ ವಾರದಿಂದ ಅವರನ್ನು ಬೆಂಚಿನಲ್ಲಿ ಕೂರಿಸಿದರು. ಮೂವತ್ತೆಂಟು ವಯಸ್ಸಾಗಿದೆ, ಮುಗಿಯಿತು ಎಂದು ಎಲ್ಲರೂ ಬರೆದರು.

ಮುಗಿದಿಲ್ಲ ಎನ್ನುವ ಒಂದೇ ಮಾತಿಗಾಗಿ ಅವರು ಇಷ್ಟು ದೂರ ಬಂದಿದ್ದರು.

ಹಿತ್ತಲ ಬ್ಲಾಕ್ ಗೋಡೆಯ ಮೇಲೆ ನಮ್ಮವರು ಉಳಿದ ಬಿಳಿ ಪೇಂಟಿನಲ್ಲಿ ಗೋಲಿನ ಚೌಕಟ್ಟು ಬರೆದರು. ಅವರು ಅಳೆದು, ಎಡಗಂಬ ಒಂದು ಗೇಣು ಒಳಗೆ ಬಂದಿದೆ ಎಂದು ಮತ್ತೆ ಬರೆಸಿದರು. ಬೆಳಿಗ್ಗೆ ಏಳಕ್ಕೆ ಅಭ್ಯಾಸ ಶುರು. ಮನೆಯಿಂದಲೇ ಕೆಲಸ ಮಾಡುತ್ತಿದ್ದ ಇವರು ಒಂಬತ್ತರ ಮೀಟಿಂಗಿನ ತನಕ ಚೆಂಡು ಒದೆಯುವುದು, ಅವರು ಹಿಡಿಯುವುದು. ಇವರನ್ನು ಅವರು ಕೋಚ್ ಎಂದು ಕರೆಯುತ್ತಿದ್ದರು. ನಾನು ಕಟ್ಟಿಕೊಡುತ್ತಿದ್ದ ಊಟದ ಡಬ್ಬಿ ಒಯ್ಯಲು ಗೇಟಿಗೆ ಬರುತ್ತಿದ್ದ ವಿದ್ಯಾರ್ಥಿನಿಯೊಬ್ಬಳು ನನ್ನನ್ನು ಆಂಟಿ ಎನ್ನುವುದನ್ನು ಕೇಳಿ, ಅದೇ ನನ್ನ ಹೆಸರು ಎಂದುಕೊಂಡು ಅವರೂ ಆಂಟಿ ಎಂದೇ ಕರೆದರು. ನಾನು ತಿದ್ದಲಿಲ್ಲ.

ಪ್ರತಿ ಸಲ ಒದೆಯುವ ಮೊದಲು ನಮ್ಮವರು "ಬಂತು!" ಎಂದು ಕೂಗುತ್ತಿದ್ದರು. ಊರಿನ ಅಭ್ಯಾಸ. ಅವರಿಗೆ ಅದು ಬಹಳ ಹಿಡಿಸಿತು. "ಕೋಚ್, ಕೂಗುವುದು ಮರೆಯಬೇಡಿ," ಎನ್ನುತ್ತಿದ್ದರು. ಚೆಂಡು ತಪ್ಪಿದರೆ ಗೋಡೆಯ ಹತ್ತಿರ ಹೋಗಿ, ಚೆಂಡು ಬಡಿದ ಜಾಗಕ್ಕೆ ಅಂಗೈ ಇಟ್ಟು, ಒಂದು ಕ್ಷಣ ನಿಂತು, ತಿರುಗಿ ಬರುವರು. ಬರುವಾಗ ಕಂಬದಿಂದ ಕಂಬಕ್ಕೆ ಹೆಜ್ಜೆ ಎಣಿಸುವರು. ಎಂಟು ಹೆಜ್ಜೆ. ದಿನಾ ಎಂಟೇ, ಆದರೂ ದಿನಾ ಎಣಿಸುವರು.

ಒಮ್ಮೆ ಇವರಿಗೆ ಗಂಟಲು ಕಟ್ಟಿತು. ಎರಡು ದಿನ ಕೂಗಲಾಗಲಿಲ್ಲ. ಆ ಎರಡು ದಿನ ಎಡಗಡೆಗೆ ಹೋದ ಮೇಲಿನ ಚೆಂಡುಗಳು ಒಂದರ ಹಿಂದೆ ಒಂದು ಗೋಡೆಗೆ ಬಡಿದದ್ದನ್ನು ನಾನು ಅಡುಗೆಮನೆಯ ಕಿಟಕಿಯಿಂದ ನೋಡಿದೆ.

ನಾನು ಆಗ ಹದಿನಾಲ್ಕು ವರ್ಷದಿಂದ ಕಣ್ಣಿನ ಕ್ಲಿನಿಕ್ಕೊಂದರಲ್ಲಿ ಟೆಕ್ನಿಶಿಯನ್. ಡಾಕ್ಟರು ನೋಡುವ ಮೊದಲು ಕಣ್ಣಿನ ಅಳತೆಗಳನ್ನೆಲ್ಲ ತೆಗೆಯುವುದು ನನ್ನ ಕೆಲಸ. ಬೇರೆಯವರು ಮನೆಗೆ ಬಂದರೆ ಅವರ ಚಪ್ಪಲಿ, ಸೀರೆ ನೋಡುವವರಿದ್ದಾರೆ. ನಾನು ಅವರು ಲೋಟ ಎಲ್ಲಿಡುತ್ತಾರೆ ನೋಡುತ್ತೇನೆ. ಈ ಗೋಲ್‌ಕೀಪರ್ ಎಡಗೈ ಪಕ್ಕ ಇಟ್ಟ ಕಾಫಿಯನ್ನು ಮೂರು ಸಲ ಚೆಲ್ಲಿದ್ದರು. ಅಂಗಳದ ಎಡಕ್ಕಿರುವ ನಿಂಬೆಗಿಡದ ಕೊಂಬೆಗೆ ಎಡಭುಜ ತಾಗಿಸಿಕೊಳ್ಳುತ್ತಿದ್ದರು. ಬಾಡಿಗೆ ಕಾರಿನ ಎಡಗನ್ನಡಿ ಮುರಿದ ಮೇಲೆ ಡ್ರೈವ್ ಮಾಡುವುದನ್ನೇ ಬಿಟ್ಟಿದ್ದರು. ಒಂದೊಂದನ್ನೂ ಬಿಡಿಯಾಗಿ ನೋಡಿದರೆ ಏನೂ ಅಲ್ಲ. ಒಟ್ಟಿಗೆ ಇಟ್ಟಾಗ ಎಲ್ಲವೂ ಎಡಗಡೆಯವೇ.

ಒಂದು ಭಾನುವಾರ ಅಂಗಳದಲ್ಲಿ ಮೇಜು ಹಾಕಿ ನೀರ್ ದೋಸೆ ಬಡಿಸಿದೆ. ನಿಮ್ಮ ಎಡಗಣ್ಣಿಗೆ ಯಾವಾಗಲಾದರೂ ಪೆಟ್ಟಾಗಿತ್ತಾ ಎಂದು ಕೇಳಿದೆ. ಆಗಿತ್ತು. ಏಳೆಂಟು ವರ್ಷದ ಹಿಂದೆ ಎದುರಾಳಿಯ ಕಾಲಿಗೆ ಬಿದ್ದು ಚೆಂಡು ಹಿಡಿಯುವಾಗ ಬೂಟು ಕಣ್ಣಿಗೆ ತಾಗಿತ್ತು. ಎರಡು ವಾರ ಬಾವು, ಆಮೇಲೆ ಸರಿ. ಚಾರ್ಟಿನ ಕೊನೆಯ ಸಾಲಿನ ತನಕ ಓದುತ್ತೇನೆ ಎಂದು ನಕ್ಕರು.

"ಚಾರ್ಟು ನಡುವಿನದ್ದನ್ನು ಮಾತ್ರ ಹೇಳುತ್ತದೆ," ಎಂದೆ. "ಸುತ್ತಲಿನದ್ದಕ್ಕೆ ಬೇರೆ ಟೆಸ್ಟ್ ಇದೆ."

ಅವರು ಹೇಗೆ ಎಂದು ಕೇಳಿದರು. ನಾನು ಹೇಳಿದೆ. ನನ್ನ ಕೆಲಸದ ಬಗ್ಗೆ ಯಾರೂ ಅಷ್ಟು ಆಸ್ಥೆಯಿಂದ ಕೇಳಿದವರಿರಲಿಲ್ಲ, ಹೆಮ್ಮೆಯಿಂದ ಹೇಳಿದೆ. ದೊಡ್ಡ ಬಿಳಿ ಬೋಗುಣಿಯಂಥ ಯಂತ್ರ. ಒಂದು ಕಣ್ಣು ಮುಚ್ಚಿ, ಗದ್ದ ಒರಗಿಸಿ, ನಡುವಿನ ಚುಕ್ಕೆಯನ್ನೇ ನೋಡಬೇಕು. ಸುತ್ತ ಅಲ್ಲಲ್ಲಿ ಬೆಳಕಿನ ಕಣ ಮಿನುಗುತ್ತದೆ. ಕಂಡಾಗ ಕೈಯಲ್ಲಿರುವ ಗುಂಡಿ ಒತ್ತಬೇಕು. ಎಷ್ಟು ಹೊತ್ತಿಗೊಮ್ಮೆ ಎಂದು ಕೇಳಿದರು. ಎರಡು ಸೆಕೆಂಡಿಗೆ ಒಂದರಂತೆ ಎಂದೆ, ಮೇಜಿನ ಮೇಲೆ ಬೆರಳಲ್ಲಿ ತಟ್ಟಿಯೂ ತೋರಿಸಿದೆ. ಎಲ್ಲವೂ ಕಾಣಬೇಕಾ ಎಂದು ಕೇಳಿದರು. ಇಲ್ಲ, ಒಳ್ಳೆಯ ಕಣ್ಣಿಗೂ ಅರ್ಧದಷ್ಟು ಮಾತ್ರ ಕಾಣುತ್ತದೆ, ಹೆದರಬೇಡಿ ಎಂದೆ. ಅವರು ದೋಸೆ ಬಿಟ್ಟು ನನ್ನ ಬೆರಳನ್ನೇ ನೋಡುತ್ತಿದ್ದರು.

ಆ ದಿನವೇ ಇವರು ಪೆನಾಲ್ಟಿಯ ಗುಟ್ಟು ಕೇಳಿದ್ದು. ಅವರು ಹೇಳಿದರು: "ಚೆಂಡು ನೋಡಿ ಹಾರಿದರೆ ತಡವಾಗುತ್ತದೆ, ಕೋಚ್. ಒದೆಯುವವನ ಹೆಜ್ಜೆಯ ತಾಳ ಹಿಡಿಯಬೇಕು. ಆಮೇಲೆ ನೋಡುವ ಅಗತ್ಯ ಇಲ್ಲ."

ಎರಡೂ ಮಾತು ಒಂದೇ ಮೇಜಿನಲ್ಲಿ ನಡೆದವು. ನನಗೆ ಹೊಳೆಯಲಿಲ್ಲ.

ಆಗಸ್ಟಿನಲ್ಲಿ ಕ್ಲಬ್ಬಿನಿಂದ ಪತ್ರ ಬಂತು. ಸೆಪ್ಟೆಂಬರಿನಲ್ಲಿ ಟ್ರಯಲ್. ಅದೇ ದಿನ ಕಣ್ಣಿನ ವರದಿಯೂ ಸೇರಿ ಆರೋಗ್ಯದ ಕಾಗದಗಳನ್ನು ಕ್ಲಬ್ಬಿನ ವೈದ್ಯರಿಗೆ ಕೊಡಬೇಕು. ನಾನೇ ಒತ್ತಾಯ ಮಾಡಿ ನಮ್ಮ ಕ್ಲಿನಿಕ್ಕಿಗೆ ಬನ್ನಿ ಎಂದೆ. ಡಾಕ್ಟರಮ್ಮ ಮೊದಲು ನೋಡಿದರು. ಎಡಗಣ್ಣಿನೊಳಗಿನ ಒತ್ತಡ ಬಹಳ ಹೆಚ್ಚಾಗಿತ್ತು. ಹಳೆಯ ಪೆಟ್ಟಿನಿಂದ ಕಣ್ಣಿನೊಳಗಿನ ನೀರು ಹರಿದುಹೋಗುವ ದಾರಿ ಹಾಳಾಗಿ, ನೋವಿಲ್ಲದೆ, ಸುಳಿವಿಲ್ಲದೆ ವರ್ಷಗಟ್ಟಲೆ ನರ ಸವೆದಿತ್ತು. ಗ್ಲಾಕೋಮಾ. ಎಷ್ಟು ಹೋಗಿದೆ ಎನ್ನುವುದೇ ಪ್ರಶ್ನೆ.

"ಸುತ್ತಲಿನ ನೋಟ ಚೆನ್ನಾಗಿದ್ದರೆ ಹನಿ ಕೊಟ್ಟು ಆಡಲು ಬಿಡಬಹುದು," ಎಂದರು ಡಾಕ್ಟರಮ್ಮ ನನಗೆ, ಬಾಗಿಲ ಹೊರಗೆ. "ಹೋಗಿದ್ದರೆ ಆ ಕಾಗದಕ್ಕೆ ನಾನು ಸಹಿ ಹಾಕಲಾರೆ. ಇನ್ನೊಂದು ಪೆಟ್ಟು ಬಿದ್ದರೆ ಉಳಿದದ್ದೂ ಹೋಗುತ್ತದೆ."

ಟೆಸ್ಟಿನ ಕೋಣೆ ಚಿಕ್ಕದು, ದೀಪ ಆರಿಸಿರುತ್ತದೆ. ಬಲಗಣ್ಣು ಮೊದಲು. ಸ್ವಚ್ಛ. ಎಡಗಣ್ಣು ಶುರುವಾಯಿತು. ಟಿಕ್. ಒಂದು ಬಿಟ್ಟು ಟಿಕ್. ಎರಡು ಬಿಟ್ಟು ಟಿಕ್. ಕಾಗದ ಹೊರಗೆ ಬಂತು. ಕಾಣದ ಜಾಗ ಅದರಲ್ಲಿ ಕಪ್ಪಾಗಿರುತ್ತದೆ. ಅಲ್ಲಲ್ಲಿ ಸ್ವಲ್ಪ ಬೂದಿ ಬಣ್ಣ, ಅಷ್ಟೇ. ಯಂತ್ರಕ್ಕೆ ಸಂಶಯ ಬಂದಿರಲಿಲ್ಲ.

ನನಗೆ ಬಂತು. ಕಾಫಿ ಚೆಲ್ಲುವ ಕಣ್ಣಿಗೆ ಇಂಥ ಕಾಗದ ಬರುವುದಿಲ್ಲ.

ಇನ್ನೊಮ್ಮೆ ಎಡಗಣ್ಣು ಮಾಡೋಣ, ಮಾಮೂಲು ಎಂದೆ. ಈ ಸಲ ಪರದೆಯನ್ನಲ್ಲ, ಅವರ ಹೆಬ್ಬೆರಳನ್ನು ನೋಡಿದೆ. ಬೆಳಕು ಬರುವುದಕ್ಕೆ ಕೂದಲೆಳೆಯಷ್ಟು ಮೊದಲೇ ಅದು ಇಳಿಯುತ್ತಿತ್ತು. ನನ್ನ ಬೆರಳಿನ ತಾಳ. ದೋಸೆಯ ಮೇಜಿನ ಮೇಲೆ ನಾನೇ ತಟ್ಟಿ ತೋರಿಸಿದ್ದು.

ಯಂತ್ರಕ್ಕೆ ನಿಲ್ಲಿಸುವ ಒಂದು ಗುಂಡಿಯಿದೆ. ರೋಗಿಗೆ ಸೀನು ಬಂದರೆ, ಕಣ್ಣು ಉರಿದರೆ ಒತ್ತುವುದು. ನಾನು ಅದನ್ನು ಒತ್ತಿದೆ. ಬೆಳಕು ನಿಂತಿತು. ಒಳಗಿನ ಫ್ಯಾನು ಮಾತ್ರ ಗುಂಯ್ ಎನ್ನುತ್ತಿತ್ತು.

ಟಿಕ್.

ಟಿಕ್.

ಮೂರನೆಯ ಸಲ ಹೆಬ್ಬೆರಳು ಅರ್ಧಕ್ಕೆ ನಿಂತಿತು. ಅವರು ಗದ್ದ ಎತ್ತಲಿಲ್ಲ. ಬೋಗುಣಿಯೊಳಗೇ ಮುಖವಿಟ್ಟು ಹೇಳಿದರು: "ನೀವು ನಿಂತುಬಿಟ್ಟಿರಿ, ಆಂಟಿ."

"ಹೌದು."

"ಓಡಿ ಬಂದು ನಿಂತಿರಿ."

ನಾನು ದೀಪ ಹಾಕಲಿಲ್ಲ. ಹಾಕಿದರೆ ಅವರ ಮುಖ ನೋಡಬೇಕಾಗುತ್ತಿತ್ತು.

"ಮೊದಲಿನ ಕಾಗದ ಇದೆಯಲ್ಲ," ಎಂದರು. "ಅದೇ ಸಾಕು."

"ಅದು ಸುಳ್ಳು ಕಾಗದ."

"ನಾಲ್ಕು ತಿಂಗಳು. ಒಂದೇ ಸೀಸನ್. ಆಮೇಲೆ ನೀವು ಹೇಳುವ ಹನಿ, ನೀವು ಹೇಳುವ ಆಪರೇಶನ್, ಎಲ್ಲ."

"ನಾಲ್ಕು ತಿಂಗಳಲ್ಲಿ ಆ ಕಣ್ಣಿಗೆ ಒಂದು ಚೆಂಡು ಬಡಿದರೆ?"

"ಬಡಿಯಲಿ." ಅವರ ದನಿ ಅಷ್ಟು ಸಣ್ಣದಾಗಿದ್ದನ್ನು ನಾನು ಕೇಳಿರಲಿಲ್ಲ. ಅಂಗಳದಲ್ಲಿ ಅವರು ಕೂಗಿದರೆ ನೆರೆಮನೆಯವರು ಬಾಗಿಲು ತೆರೆಯುತ್ತಿದ್ದರು. "ಇಪ್ಪತ್ತು ವರ್ಷ ನಿಂತೆ. ಅವರಿಗೆ ನೆನಪಿರುವುದು ಆ ಒಂದು ಚೆಂಡು. ನನಗೂ ಅದೇ. ಕಣ್ಣು ಮುಚ್ಚಿದರೆ ಆ ನಗು. ನನ್ನ ಕೊನೆಯ ಚೆಂಡು ಅದಾಗಬಾರದು. ನಾನು ಯಾರ ಹತ್ತಿರವೂ ಏನೂ ಕೇಳಿದವನಲ್ಲ."

ಕೇಳಿದವರಲ್ಲ, ನಿಜ. ಉಪ್ಪು ಬೇಕಾದರೂ ಎದ್ದು ಹೋಗಿ ತರುತ್ತಿದ್ದವರು.

ಕಾಗದದ ಅಡಿಯಲ್ಲಿ ಟೆಕ್ನಿಶಿಯನ್ ಒಂದು ಸಾಲು ಬರೆಯಲು ಜಾಗವಿದೆ. ಸಾಮಾನ್ಯವಾಗಿ ನಾನು ಸಹಕಾರ ಚೆನ್ನಾಗಿತ್ತು ಎಂದು ಬರೆಯುತ್ತೇನೆ. ಏನೂ ಬರೆಯದಿದ್ದರೂ ನಡೆಯುತ್ತದೆ. ಆ ದಿನ ಹೊರಗೆ ಆರು ಜನ ಕಾಯುತ್ತಿದ್ದರು, ಡಾಕ್ಟರಮ್ಮ ಕಾಗದ ನೋಡಿ ಸಹಿ ಹಾಕಿಬಿಡುತ್ತಿದ್ದರು. ಪೆನ್ನು ಹಿಡಿದು ಎಷ್ಟು ಹೊತ್ತು ಕೂತೆನೋ. ಬೆಳಕು ಬರುವ ಮೊದಲೇ ಒತ್ತುತ್ತಾರೆ, ಎಡಗಣ್ಣಿನ ಫಲಿತಾಂಶ ನಂಬುವಂತಿಲ್ಲ ಎಂದು ಬರೆದೆ. ಬರೆದದ್ದನ್ನು ಅವರಿಗೆ ಓದಿ ಹೇಳಿದೆ. ಅವರು ಎದ್ದು, ಕುರ್ಚಿಯನ್ನು ಮೊದಲಿದ್ದ ಜಾಗಕ್ಕೇ ಸರಿಯಾಗಿ ಸರಿಸಿ, ಹೊರಗೆ ಹೋದರು. ಹೋಗುವಾಗ ಎಡಭುಜ ಬಾಗಿಲ ಚೌಕಟ್ಟಿಗೆ ತಾಗಿತು.

ಎರಡು ದಿನ ಬಿಟ್ಟು ತಾವಾಗಿಯೇ ಬಂದು ಮತ್ತೆ ಟೆಸ್ಟ್ ಕೊಟ್ಟರು. ಈ ಸಲ ಕಂಡಾಗ ಮಾತ್ರ ಒತ್ತಿದರು. ಬಹಳ ಹೊತ್ತು ಟಿಕ್ ಎನ್ನುವ ಸದ್ದೇ ಇರಲಿಲ್ಲ. ಕಾಗದ ಬಂದಾಗ ಎಡಗಣ್ಣಿನ ಮೇಲ್ಭಾಗ ಪೂರ್ತಿ ಕಪ್ಪು, ಹೊರಬದಿ ಕಪ್ಪು, ನಡುವೆ ಗುಂಡುಸೂಜಿಯ ತಲೆಯಷ್ಟು ಬಿಳುಪು. ಆ ಬಿಳುಪಿನಿಂದಲೇ ಅವರು ಚಾರ್ಟಿನ ಕೊನೆಯ ಸಾಲು ಓದುತ್ತಿದ್ದದ್ದು. ಡಾಕ್ಟರಮ್ಮ ವರದಿ ಬರೆದು, ಲಕೋಟೆಗೆ ಹಾಕಿ, ಅಂಟಿಸಿ ಅವರ ಕೈಗೇ ಕೊಟ್ಟರು.

ಕ್ಲಿನಿಕ್ಕಿನಲ್ಲಿ ಕಂಡದ್ದನ್ನು ನಾನು ಮನೆಯಲ್ಲಿ ಹೇಳುವಂತಿಲ್ಲ, ಹೇಳಲಿಲ್ಲ. ಅವರೇ ಅಂಗಳದಲ್ಲಿ ನಮ್ಮವರಿಗೆ ಹೇಳಿದರು. ಇವರು ಒಳಗೆ ಬಂದು ಫ್ರಿಜ್ ತೆರೆದು, ಏನೂ ತೆಗೆಯದೆ ಮುಚ್ಚಿದರು.

"ನೀನು ಆ ಒಂದು ಸಾಲು ಬರೆಯದಿದ್ರೆ ಆಕಾಶ ಬೀಳ್ತಿತ್ತಾ?"

"ಅವರ ಕಣ್ಣು ಹೋಗ್ತಿತ್ತು."

"ಹೋದದ್ದು ಹೋಗಿ ಆಗಿದೆಯಲ್ಲ! ನಾಲ್ಕು ತಿಂಗಳು ಮಾರಾಯ್ತಿ. ಅವ ನನ್ನ ಹತ್ರ ಕಣ್ಣೀರು ಹಾಕಿದ. ಆ ಮನುಷ್ಯ!"

"ಹೌದು, ನಾಲ್ಕು ತಿಂಗಳು," ಎಂದೆ. ನನಗೂ ಸಿಟ್ಟು ಬಂದಿತ್ತು. "ಬಂತು ಬಂತು ಅಂತ ಕೂಗ್ಲಿಕ್ಕೆ ಪ್ರತಿ ಮ್ಯಾಚಿಗೂ ನೀವು ಗೋಲಿನ ಪಕ್ಕ ನಿಲ್ತೀರಾ?"

ಇವರು ಕಸದ ಡಬ್ಬಿ ಎತ್ತಿಕೊಂಡು ಹಿತ್ತಲಿಗೆ ಹೋದರು. ಆ ದಿನದಿಂದ ಹನ್ನೊಂದು ದಿನ ನಮ್ಮಿಬ್ಬರಲ್ಲಿ ಸಾರು ಬೇಕಾ, ಬೇಡ ಎನ್ನುವಷ್ಟೇ ಮಾತು. ಹಿತ್ತಲಲ್ಲಿ ಮಾತ್ರ ಬೆಳಿಗ್ಗೆ ಏಳಕ್ಕೆ ಬಂತು, ಬಂತು ಎಂದು ಕೇಳುತ್ತಲೇ ಇತ್ತು. ಅವರು ಅಭ್ಯಾಸ ನಿಲ್ಲಿಸಿರಲಿಲ್ಲ. ಲಕೋಟೆ ಕೊಡುತ್ತಾರೋ, ಹರಿದು ಎಸೆದು ಬೇರೆ ಎಲ್ಲಾದರೂ ಹೊಸ ಕಾಗದ ಮಾಡಿಸುತ್ತಾರೋ ನಮಗಿಬ್ಬರಿಗೂ ಗೊತ್ತಿರಲಿಲ್ಲ. ಕೇಳುವ ಧೈರ್ಯವೂ ಇರಲಿಲ್ಲ.

ಟ್ರಯಲ್ಲಿನ ದಿನ ಬೆಳಿಗ್ಗೆ ಅವರು ಅಡುಗೆಮನೆಯ ಬಾಗಿಲಿಗೆ ಬಂದು, "ಇಬ್ಬರೂ ಬನ್ನಿ," ಎಂದರು. ಚಿತ್ರಾನ್ನ, ಮೊಸರನ್ನ ಕಟ್ಟಿಕೊಂಡೆ. ಆ ತಿಂಗಳು ಗುಡ್ಡಗಳಲ್ಲಿ ಉರಿಯುತ್ತಿದ್ದ ಕಾಡ್ಗಿಚ್ಚಿನ ಬೂದಿ ಕಾರಿನ ಗಾಜಿನ ಮೇಲೆ ಕೂತಿತ್ತು. ಇವರು ವೈಪರ್ ಹಾಕಿ ಒರೆಸಿದರು. ಸ್ಯಾನ್ ಡಿಯೇಗೊಗೆ ಇಳಿಯುವ ದಾರಿಯಲ್ಲಿ ಬಹಳ ದೂರ ಸಮುದ್ರ ಬಲಕ್ಕಿರುತ್ತದೆ. ಬಲಬದಿಗೆ, ನನ್ನ ಹಿಂದಿನ ಸೀಟಿನಲ್ಲಿ ಕೂತು ಅವರು ನೀರನ್ನೇ ನೋಡುತ್ತಿದ್ದರು. ತೊಡೆಯ ಮೇಲೆ ಗ್ಲೌಸ್ ಚೀಲ. ಚೀಲದ ಹೊರಜೇಬಿನಲ್ಲಿ ಲಕೋಟೆಯ ಅಂಚು ಕಾಣುತ್ತಿತ್ತು.

ಹೊರಗಿನವರನ್ನು ಒಳಗೆ ಬಿಡುತ್ತಿರಲಿಲ್ಲ. ನಾವು ಪಾರ್ಕಿಂಗ್ ಬದಿಯ ತಂತಿಬೇಲಿಯ ಹಿಂದೆ, ಗೋಲಿನ ಹಿಂಬದಿಗೇ ನಿಂತೆವು. ಖಾಲಿ ಮೈದಾನ. ಕ್ಲಬ್ಬಿನ ಕೋಚ್ ಒಬ್ಬರು, ಒದೆಯಲು ನಾಲ್ವರು ಆಟಗಾರರು, ಬೆಂಚಿನಲ್ಲಿ ಕೊಡೆಯ ಕೆಳಗೆ ಕ್ಲಬ್ಬಿನ ವೈದ್ಯರು. ಅವರು ಬಾಟಲಿಯ ನೀರಿನಿಂದ ಗ್ಲೌಸ್ ಒದ್ದೆ ಮಾಡಿಕೊಂಡರು. ಎಂಟು ಹೆಜ್ಜೆ ಎಣಿಸಿದರು.

ಹಿಡಿದ ಚೆಂಡುಗಳ ವಿಷಯ ಬರೆಯಬೇಕೆಂದಿದ್ದರಲ್ಲ. ಆ ಅರ್ಧ ಗಂಟೆಯದ್ದನ್ನು ಬರೆಯುತ್ತೇನೆ. ನನಗೆ ಆಟ ತಿಳಿಯುವುದಿಲ್ಲ, ಆದರೆ ಆ ಮನುಷ್ಯ ನೆಲ ಬಿಟ್ಟು ಏಳುವುದನ್ನು ನೋಡಿದೆ. ಬಲಮೂಲೆಗೆ ಹೋದ ಚೆಂಡನ್ನು ಬೆರಳ ತುದಿಯಿಂದ ಕಂಬದಾಚೆ ತಳ್ಳಿದರು. ಹತ್ತಿರದಿಂದ ಒದ್ದದ್ದನ್ನು ಎದೆಗೆ ಅವಚಿಕೊಂಡರು. ಒಬ್ಬನೇ ಎದುರಿಗೆ ನುಗ್ಗಿ ಬಂದವನ ಕಾಲಿಗೆ ಬಿದ್ದರು. ಬಿದ್ದಾಗ ನಾನು ಕಣ್ಣು ಮುಚ್ಚಿದೆ. ತೆರೆದಾಗ ಚೆಂಡು ಅವರ ಕೈಯಲ್ಲಿತ್ತು. ಹನ್ನೊಂದು ದಿನ ಮಾತಾಡದಿದ್ದ ನಮ್ಮವರು ನನ್ನ ಮೊಣಕೈ ಹಿಡಿದುಕೊಂಡು, "ನೋಡು, ನೋಡು, ಮುದುಕ ಅಂತೆ ಇವ! ಮುದುಕ ಅಂತೆ!" ಎನ್ನುತ್ತಿದ್ದರು. ಕೋಚ್ ವೈದ್ಯರ ಕಡೆ ತಿರುಗಿ ತಲೆಯಾಡಿಸಿದ್ದು ನಮಗೆ ಕಂಡಿತು.

ಆಮೇಲೆ ಎಡಮೂಲೆಯಿಂದ ಒದೆಯಲು ಹೇಳಿದರು.

ಮೊದಲನೆಯದನ್ನು ಅವರು ತಾಳದಿಂದಲೇ ಹಿಡಿದರು. ಒದೆಯುವವನು ಹೆಜ್ಜೆ ಇಟ್ಟಾಗಲೇ ಮುಂದೆ ಬಂದು, ಎರಡೂ ಕೈ ಎತ್ತಿ, ಚೆಂಡು ತಾನಾಗಿ ಬಂದು ಕೂರುವಂತೆ. ಎರಡನೆಯದು ಸ್ವಲ್ಪ ತಿರುಗಿತು. ಅವರ ಕೈ ಒಂದು ಕಡೆ, ಚೆಂಡು ಒಂದು ಕಡೆ. ತಲೆಯ ಪಕ್ಕದಿಂದ ಇಳಿದು ಬಲೆಗೆ ಹೋಯಿತು. ಯಾರೂ ನಗಲಿಲ್ಲ. ಅವರು ಹೋಗಿ ಬಲೆಗೆ ಅಂಗೈ ಇಟ್ಟು ನಿಂತರು. ಬೇಲಿಯ ಹಿಂದಿದ್ದ ನಮ್ಮನ್ನು ನೋಡಿದರೋ ಇಲ್ಲವೋ.

ಮೂರನೆಯದು ಮೇಲೆದ್ದಾಗ ಅವರ ಮುಖ ಇನ್ನೂ ಚೆಂಡನ್ನು ಹುಡುಕುತ್ತಿತ್ತು. ಅದು ನೇರವಾಗಿ ಎಡಗಣ್ಣಿನ ಕಡೆಗೇ ಬರುತ್ತಿತ್ತು. ಇವರಿಗೆ ತಡೆಯಲಾಗಲಿಲ್ಲ. ತಂತಿ ಹಿಡಿದು, ಮಾಸ್ಕ್ ಕೆಳಗೆಳೆದು ಕೂಗಿಬಿಟ್ಟರು:

"ಬಂತು!"

ಅವರು ಹಾರಿದರು. ಮುಷ್ಟಿ ಚೆಂಡಿಗೆ ತಾಗಿತು. ಚೆಂಡು ಗೋಲಿನ ಮೇಲಿಂದ ದಾಟಿ, ನಮ್ಮ ಬೇಲಿಗೆ ಬಡಿದು, ಕೆಳಗೆ ಬಿತ್ತು.

ಕೋಚ್ ಚಪ್ಪಾಳೆ ತಟ್ಟಿದರು. ಅವರಿಗೆ ಆ ಕೂಗು ಯಾರೋ ಅಭಿಮಾನಿಯದ್ದು. ಗೋಲ್‌ಕೀಪರ್ ಮಾತ್ರ ತಿರುಗಿ ನಿಂತು ಇವರನ್ನು ನೋಡಿದರು. ಬಹಳ ಹೊತ್ತು ನೋಡಿದರು. ಮುಖದಲ್ಲಿ ಸಿಟ್ಟಿರಲಿಲ್ಲ. ಕೈ ಎತ್ತಿ ಸಾಕು ಎಂದು ಕೋಚಿಗೆ ಸನ್ನೆ ಮಾಡಿದರು. ಒಂದು ಗ್ಲೌಸ್ ಬಿಚ್ಚಿದರು, ಇನ್ನೊಂದು ಬಿಚ್ಚಿದರು. ಚೀಲದ ಹತ್ತಿರ ಹೋಗಿ ಲಕೋಟೆ ತೆಗೆದು, ಬೆಂಚಿನ ತನಕ ನಡೆದು ವೈದ್ಯರ ಕೈಗೆ ಕೊಟ್ಟರು. ವೈದ್ಯರು ತೆರೆದು ಓದುವ ತನಕ ಎದುರಿಗೇ ನಿಂತಿದ್ದರು, ನಮ್ಮ ಶಾಲೆಯಲ್ಲಿ ಮಾರ್ಕ್ಸ್ ಕಾರ್ಡ್ ಹಿಡಿದು ನಿಲ್ಲುತ್ತಿದ್ದ ಹಾಗೆ.

"ನಾನು ಕೂಗಬಾರದಿತ್ತು," ಎಂದರು ಇವರು. ಆಮೇಲೆ, "ಕೂಗದಿದ್ರೆ ಮುಖಕ್ಕೇ ಬೀಳ್ತಿತ್ತು." ಬೇಲಿಯ ತಂತಿ ಬಿಟ್ಟು, ನನ್ನ ಕಡೆ ನೋಡದೆ, "ನೀನು ಬರೆದದ್ದು ಸರಿಯೇ. ಆದ್ರೂ ನಂಗೆ ಸಿಟ್ಟು ಹೋಗುವುದಿಲ್ಲ."

ನನಗೂ ನನ್ನ ಮೇಲೆ ಹೋಗಿರಲಿಲ್ಲ.

ವಾಪಸು ಬರುವಾಗ ಅದೇ ಸೀಟು. ಈಗ ಸಮುದ್ರ ಎಡಕ್ಕೆ. ಮೊದಲು ಅವರಿಗೆ ತಿಳಿಯಲಿಲ್ಲ. ಬಲಗಡೆಯ ಬೋಳು ಗುಡ್ಡ ನೋಡುತ್ತಾ ಕೂತಿದ್ದರು. ಆಮೇಲೆ ಪೂರ್ತಿ ಮೈ ತಿರುಗಿಸಿ, ಸೀಟ್‌ಬೆಲ್ಟ್ ಕುತ್ತಿಗೆಗೆ ಒತ್ತುತ್ತಿದ್ದರೂ ಹಾಗೇ ಕೂತು, ಆ ಕಡೆಯ ಕಿಟಕಿಯನ್ನು ನೋಡಿದರು. ಚಿತ್ರಾನ್ನ ಯಾರೂ ಮುಟ್ಟಲಿಲ್ಲ. ಎದುರಿನ ಸಣ್ಣ ಕನ್ನಡಿಯಲ್ಲಿ ಅವರ ತುಟಿ ಅಲ್ಲಾಡುವುದು ಕಾಣುತ್ತಿತ್ತು. ಎಣಿಸುತ್ತಿದ್ದರು. ಎಂಟರ ತನಕ ಹೋಗಿ ಮತ್ತೆ ಒಂದರಿಂದ.

ಅಕ್ಟೋಬರಿನಲ್ಲಿ ಆಪರೇಶನ್ ಆಯಿತು. ಒತ್ತಡ ಇಳಿಯಿತು, ಆದರೆ ಹೋದದ್ದು ಬರಲಿಲ್ಲ. ನಡುವಿನ ಆ ಬಿಳಿ ಚುಕ್ಕೆಯೂ ಎರಡು ವರ್ಷದಲ್ಲಿ ಮುಚ್ಚಿತು. ನಾಲ್ಕು ತಿಂಗಳು ಆಡಿದ್ದರೂ ಇಷ್ಟೇ ಆಗುತ್ತಿತ್ತೋ ಏನೋ ಎಂಬ ಯೋಚನೆ ಪಾತ್ರೆ ತೊಳೆಯುವಾಗ, ಬಟ್ಟೆ ಮಡಚುವಾಗ ನನಗೆ ಈಗಲೂ ಬರುತ್ತದೆ. ಡಾಕ್ಟರಮ್ಮನನ್ನು ಒಮ್ಮೆ ಕೇಳಿಯೂ ಬಿಟ್ಟೆ. ಅವರು ಅದನ್ನು ಹೇಳಲು ಯಾರಿಂದಲೂ ಆಗುವುದಿಲ್ಲ ಎಂದರು.

ಅವರು ಜರ್ಮನಿಗೆ ಹಿಂದಿರುಗಲಿಲ್ಲ. ಸ್ಯಾನ್ ಡಿಯೇಗೊದಲ್ಲಿ ಹುಡುಗಿಯರ ಒಂದು ಟೀಮಿನ ಗೋಲ್‌ಕೀಪರ್‌ಗಳಿಗೆ ಕಲಿಸುತ್ತಾರೆ. ತಾವು ಗೋಲಿನಲ್ಲಿ ನಿಲ್ಲುವುದಿಲ್ಲ. ಬಲಗಣ್ಣಿಗೆ ಏನೂ ತಾಗಬಾರದು ಎಂದು ದಪ್ಪ ಗಾಜಿನ ಕನ್ನಡಕ ಹಾಕಿಕೊಂಡು ಗೆರೆಯಾಚೆ ನಿಂತು ಕೂಗುತ್ತಾರೆ. ಹುಡುಗಿಯರು ಹೆದರುವುದಿಲ್ಲವಂತೆ, ಅದೊಂದು ಅವರ ದೂರು. ಒಂದು ಕಣ್ಣು ಹೀಗಾದವರ ಇನ್ನೊಂದು ಕಣ್ಣಿಗೂ ಕಾಯಿಲೆ ಬರುವುದುಂಟು ಎಂದು ಡಾಕ್ಟರಮ್ಮ ಹೇಳಿದ್ದರಿಂದ, ವರ್ಷಕ್ಕೆರಡು ಸಲ ಟೆಸ್ಟಿಗೆ ನಮ್ಮಲ್ಲಿಗೇ ಬರುತ್ತಾರೆ. ಅಲ್ಲಿಂದ ಚಾಟ್ಸ್‌ವರ್ತ್ ಸ್ಟೇಷನ್ನಿಗೆ ನೇರ ರೈಲಿದೆ. ಹಿಂದುಮುಂದಾದ ಸೀಟು ಹುಡುಕಿ ಕೂರುತ್ತಾರೆ, ಆಗ ಸಮುದ್ರ ಬಲಕ್ಕೆ ಬರುತ್ತದೆ. ನಮ್ಮವರು ಸ್ಟೇಷನ್ನಿಗೆ ಹೋಗಿ ಕರೆತರುತ್ತಾರೆ. ಗೋಡೆಯ ಮೇಲಿನ ಬಿಳಿ ಚೌಕಟ್ಟು ಮಾಸಿದೆ, ಅಳಿಸಿಲ್ಲ.

ಪ್ರತಿ ಟೆಸ್ಟಿನಲ್ಲೂ ನಾನು ಒಮ್ಮೆ ಯಂತ್ರ ನಿಲ್ಲಿಸುತ್ತೇನೆ. ಅವರಿಗೂ ಗೊತ್ತು. ನಿಂತಾಗ ಅವರ ಹೆಬ್ಬೆರಳು ಅಲ್ಲಾಡುವುದಿಲ್ಲ. ಫ್ಯಾನು ಗುಂಯ್ ಎನ್ನುತ್ತದೆ, ಅವರು ಬೋಗುಣಿಯೊಳಗೆ ಸಣ್ಣಗೆ ನಗುತ್ತಾರೆ, ನಾನು ಮತ್ತೆ ಶುರು ಮಾಡುತ್ತೇನೆ. ಇಷ್ಟು ವರ್ಷ ಬಲಗಣ್ಣಿನ ಕಾಗದ ಬಿಳಿಯಾಗಿಯೇ ಬಂದಿತ್ತು.

ಕಳೆದ ತಿಂಗಳು ಬಂದಿದ್ದರು. ಬೆಳಿಗ್ಗೆ ನೀರ್ ದೋಸೆ ಮಾಡಿದ್ದೆ. ಕಾಫಿಯ ಲೋಟ ಬಲಕ್ಕಿಟ್ಟಿದ್ದೆ. ಕ್ಲಿನಿಕ್ಕಿನಲ್ಲಿ ದೀಪ ಆರಿಸಿ, ಗದ್ದ ಒರಗಿಸಿ, ಗುಂಡಿ ಕೈಗೆ ಕೊಟ್ಟೆ. ಟಿಕ್, ಟಿಕ್ ಎಂದು ನಡೆಯುತ್ತಿತ್ತು. ಪರದೆಯಲ್ಲಿ ಮೇಲಿನ ಮೂಲೆಯಲ್ಲಿ ಒಂದು ಬೆಳಕು ಬಂತು. ಹೆಬ್ಬೆರಳು ಅಲ್ಲಾಡಲಿಲ್ಲ. ಅದರ ಪಕ್ಕದಲ್ಲೇ ಇನ್ನೊಂದು, ಮೊದಲಿನದಕ್ಕಿಂತ ಪ್ರಕಾಶವಾದದ್ದು. ಅಲ್ಲಾಡಲಿಲ್ಲ. ಮೂರನೆಯದು. ಅವರು ತಾಳ್ಮೆಯಿಂದ, ಗದ್ದ ಎತ್ತದೆ, ಕಾಯುತ್ತಿದ್ದರು.

"ನಿಲ್ಲಿಸಿದ್ದೀರಾ, ಆಂಟಿ?" ಎಂದು ನಗುತ್ತಲೇ ಕೇಳಿದರು.

ನಾನು ನಿಲ್ಲಿಸಿರಲಿಲ್ಲ.